ಏಳು ಗಂಡಂದಿರಲ್ಲಿ ಅವಳು ಯಾರ ಹೆಂಡತಿ?

ಸ್ವರ್ಗದಲ್ಲಿ ಗಂಡ-ಹೆಂಡತಿ ಎಂಬ ಸಂಬಂಧವೇ ಇರುವುದಿಲ್ಲವೆಂದು ಯೇಸು ಹೇಳಿದರಂತೆ, ಅದೆಂಥ ನೀರಸ ಸ್ವರ್ಗ ಎಂದು ಮೂಗು ಮುರಿಯುವವರು ಬಹಳ ಮಂದಿ. ಅವರಲ್ಲಿ ಕ್ರೈಸ್ತರೂ ಇದ್ದಾರೆ, ನಮ್ಮವರೂ ಇದ್ದಾರೆ. ಅದು ಯಾವ ಪ್ರಶ್ನೆಗೆ ಕೊಟ್ಟ ಉತ್ತರ ಎಂದು ಮಾತ್ರ ಯಾರೂ ನೋಡುವುದಿಲ್ಲ.

ಪ್ರಶ್ನೆ ಕೇಳಿದವರು ಸದ್ದುಕಾಯರು. ಸತ್ತವರು ಮತ್ತೆ ಏಳುತ್ತಾರೆಂಬುದನ್ನೇ ನಂಬದ ಯೆಹೂದಿ ಪಂಗಡ ಅದು. ಮೋಶೆಯ ಧರ್ಮಶಾಸ್ತ್ರದಲ್ಲಿ ಮೈದುನಧರ್ಮ ಎಂಬ ಕಟ್ಟಳೆಯಿತ್ತು. ಗಂಡ ಮಕ್ಕಳಿಲ್ಲದೆ ಸತ್ತರೆ ಅವನ ಸಹೋದರ ಆ ವಿಧವೆಯನ್ನು ಮದುವೆಯಾಗಿ ಸತ್ತವನ ಹೆಸರು ಉಳಿಸಬೇಕು. ಇದನ್ನೇ ಹಿಡಿದು ಅವರು ಒಂದು ಕತೆ ಕಟ್ಟಿದರು. ಏಳು ಮಂದಿ ಅಣ್ಣತಮ್ಮಂದಿರು ಒಬ್ಬನಾದ ಮೇಲೊಬ್ಬ ಅವಳನ್ನು ಮದುವೆಯಾಗಿ ಸಂತಾನವಿಲ್ಲದೆ ಸತ್ತರು. ಕಡೆಗೆ ಅವಳೂ ಸತ್ತಳು. ಪುನರುತ್ಥಾನದಲ್ಲಿ ಅವಳು ಯಾರ ಹೆಂಡತಿ? ಮತ್ತಾಯ, ಮಾರ್ಕ, ಲೂಕ ಮೂವರೂ ಇದನ್ನು ದಾಖಲಿಸಿದ್ದಾರೆ.

ಏಳು ಸಲ ಗಂಡನನ್ನು ಮಣ್ಣು ಮಾಡಿದ ಆ ಹೆಣ್ಣಿಗೆ ಕತೆಯಲ್ಲಿ ಹೆಸರಿಲ್ಲ, ಒಂದು ಮಾತೂ ಇಲ್ಲ. ಮೂರನೆಯವನ ಮನೆಗೆ ಹೋಗುವಾಗ ಅವಳ ಮನಸ್ಸಿನಲ್ಲೇನಿತ್ತು? ಕತೆ ಬರೆಯುವ ನನಗೆ ಮೊದಲು ಹೊಳೆಯುವ ಪ್ರಶ್ನೆ ಅದು. ಸದ್ದುಕಾಯರಿಗೆ ಬೇಕಾದದ್ದು ಪಹಣಿ ಯಾರ ಹೆಸರಿನಲ್ಲಿದೆ ಎಂಬುದಷ್ಟೇ.

ಯೇಸು ಏಳರಲ್ಲಿ ಯಾರ ಕಡೆಗೂ ಬೊಟ್ಟು ಮಾಡಲಿಲ್ಲ. ಅಲ್ಲಿ ಹೆಣ್ಣು ತರುವವರೂ ಇಲ್ಲ, ಕೊಡುವವರೂ ಇಲ್ಲ, ಎಲ್ಲರೂ ದೇವದೂತರ ಹಾಗೆ ಎಂಬುದು ಅವರ ಉತ್ತರದ ಸಾರ. ಲೂಕನಲ್ಲಿ ಕಾರಣವೂ ಇದೆ: ಅಲ್ಲಿ ಸಾವಿಲ್ಲ. ಸಾವೇ ಇಲ್ಲದ ಕಡೆ ವಂಶದ ಹೆಸರು ಉಳಿಸಲು ಹೆಣ್ಣನ್ನು ಕೈಯಿಂದ ಕೈಗೆ ದಾಟಿಸುವ ಗರಜೇನು? ರದ್ದಾದದ್ದು ಹಕ್ಕುಪತ್ರ. ಪ್ರೀತಿಯ ವಿರುದ್ಧ ಅಲ್ಲಿ ಒಂದಕ್ಷರವೂ ಇಲ್ಲ. ಗಂಡ ಸತ್ತ ಹೆಣ್ಣು ಬಂಧನದಿಂದ ಬಿಡುಗಡೆಯಾದವಳು ಎಂದು ಪೌಲನೂ ಬರೆದ.

ಆದರೆ ಗಂಡಸರು ಸುಮ್ಮನಿರುತ್ತಾರೆಯೇ? ಕ್ರಿ.ಶ. 200ರ ಸುಮಾರಿಗೆ ಕಾರ್ಥೇಜಿನ ತೆರ್ತುಲಿಯನ್ ತನ್ನ ಹೆಂಡತಿಗೊಂದು ಪುಸ್ತಕವನ್ನೇ ಬರೆದು, ನಾನು ಸತ್ತ ಮೇಲೆ ಮರುಮದುವೆಯಾಗಬೇಡ ಎಂದ. ಪರಲೋಕದಲ್ಲಿ ದಾಂಪತ್ಯವಿಲ್ಲ, ಹಾಗಾಗಿ ಇದು ನನ್ನ ಮತ್ಸರವಲ್ಲ ಎಂದೂ ಸೇರಿಸಿದ! ಬಿಡುಗಡೆಯ ಮಾತೇ ಬೀಗದ ಕೈಯಾಯಿತು.

ನಮ್ಮ ಉಲಮಾಗಳೂ ಈ ಚರ್ಚೆ ಮಾಡಿದ್ದಾರೆ. ಜನ್ನತಿನಲ್ಲಿ ಅವಳು ಕೊನೆಯ ಗಂಡನಿಗೋ, ಒಳ್ಳೆಯ ನಡತೆಯವನಿಗೋ, ಇಲ್ಲ ಅವಳ ಆಯ್ಕೆಗೇ ಬಿಟ್ಟದ್ದೋ ಎಂದು. ಅವಳನ್ನೇ ಕೇಳಿ ಎನ್ನುವ ಅಭಿಪ್ರಾಯ ಒಂದಾದರೂ ಇದೆ ಎಂಬುದು ಸಮಾಧಾನ.

ಸದ್ದುಕಾಯರ ಪ್ರಶ್ನೆಗೆ ಪೂರ್ತಿ ಮರುಜೀವ ಬಂದದ್ದು ಅಮೆರಿಕದಲ್ಲಿ. 1843ರಲ್ಲಿ ಜೋಸೆಫ್ ಸ್ಮಿತ್ ದಾಖಲಿಸಿದ 'ದೈವಪ್ರಕಟಣೆ'ಯಂತೆ, ಮಾರ್ಮನ್ ದೇವಾಲಯದಲ್ಲಿ ಮುದ್ರೆ ಬಿದ್ದ ಮದುವೆ ಅನಂತಕಾಲಕ್ಕೂ ಸಲ್ಲುತ್ತದೆ. ಉಳಿದ ಚರ್ಚುಗಳು ಇದನ್ನು ಒಪ್ಪುವುದಿಲ್ಲ. ಸಾವಿನಾಚೆಗೂ ಜೊತೆಯಾಗಿರುವ ಆಸೆ ಯಾರಿಗಿಲ್ಲ ಹೇಳಿ, ಕೇಳಲು ಮಧುರವಾಗಿಯೇ ಇದೆ. ಆದರೆ ನಿಯಮ ನೋಡಿ. ಹೆಂಡತಿ ತೀರಿಕೊಂಡರೆ ಗಂಡ ಇನ್ನೊಬ್ಬಳೊಡನೆಯೂ ಮುದ್ರೆ ಹಾಕಿಸಿಕೊಳ್ಳಬಹುದು, ಇಬ್ಬರೂ ಅವನವರೇ. 2018ರಿಂದ 2025ರವರೆಗೆ ಆ ಚರ್ಚಿನ ಅಧ್ಯಕ್ಷರಾಗಿದ್ದ ರಸೆಲ್ ನೆಲ್ಸನ್, ಅವರ ನಂತರ ಬಂದ ಡಾಲಿನ್ ಓಕ್ಸ್ ಇಬ್ಬರೂ ಹೀಗೆ ಮಾಡಿಕೊಂಡವರು. ಬದುಕಿರುವ ಹೆಣ್ಣಿಗೆ ಮಾತ್ರ ಒಬ್ಬನೇ. ಒಬ್ಬರಿಗಿಂತ ಹೆಚ್ಚು ಗಂಡಂದಿರೊಡನೆ ಅವಳ ಹೆಸರು ಸೇರಿಸಲು 1998ರಲ್ಲಿ ಅನುಮತಿ ಸಿಕ್ಕಿತು, ಅದೂ ಅವಳು ಸತ್ತ ಮೇಲೆ!

ಹಾಗಾಗಿ ಎಳೆಯ ವಯಸ್ಸಿನಲ್ಲೇ ವಿಧವೆಯಾದವಳು ಎರಡನೆಯವನೊಡನೆ ನಲವತ್ತು ವರ್ಷ ಬಾಳಿದರೂ ಮೊದಲ ಮುದ್ರೆಯನ್ನು ರದ್ದು ಮಾಡಿಸದೆ ಅವನ ಜೊತೆ ಅದನ್ನು ಹಾಕಿಸಿಕೊಳ್ಳುವಂತಿಲ್ಲ. ಆ ಎರಡನೆಯವನಿಗೆ ಅವಳಲ್ಲಿ ಹುಟ್ಟಿದ ಮಕ್ಕಳು? ರದ್ದಾಗದಿದ್ದರೆ ಅವರೂ ಸತ್ತ ಮೊದಲ ಗಂಡನ ಮುದ್ರೆಯ ಲೆಕ್ಕಕ್ಕೇ. ಮೈದುನಧರ್ಮವಾದರೂ ಅದನ್ನು ಭೂಮಿಯ ಮಟ್ಟಿಗೆ ಮಾತ್ರ ಹೇಳಿತ್ತು.