ಮಹಾದೇವಿ ಆನೆ ಪ್ರಕರಣ: ಸಮಾಜಕ್ಕೆ ಮಾಧ್ಯಮ ಪಾಠ

ಕೊಲ್ಹಾಪುರ ಜಿಲ್ಲೆಯ ನಾಂದಣಿ ಜೈನ ಮಠದಲ್ಲಿ 1992ರಿಂದ ಇದ್ದ ಮಹಾದೇವಿ ಆನೆಯನ್ನು 2025ರ ಜುಲೈನಲ್ಲಿ ಗುಜರಾತಿನ ವಂತಾರಾಕ್ಕೆ ಕಳುಹಿಸಲಾಯಿತು. ಆದೇಶ ಬಾಂಬೆ ಹೈಕೋರ್ಟಿನದು. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೂ ಶ್ರಾವಕರ ಮತ್ತು ಊರವರ ಸಿಟ್ಟು ತಿರುಗಿದ್ದು ವಂತಾರಾದ ಕಡೆಗೆ. ಕಣ್ಣೀರಿನ ಬೀಳ್ಕೊಡುಗೆಯ ವಿಡಿಯೊಗಳು ಮನೆಮನೆ ತಲುಪಿದವು, ಜಿಯೊ ಸಿಮ್ ಬಿಡುವ ಅಭಿಯಾನವೂ ನಡೆಯಿತು. ಆಗಸ್ಟ್‌ನಲ್ಲಿ ಸಂಸ್ಥೆ ಜೈನರದೇ ಮಾತಾದ ‘ಮಿಚ್ಛಾಮಿ ದುಕ್ಕಡಂ’ ಎಂದು ಕ್ಷಮೆ ಕೋರಿ, ನಾಂದಣಿ ಭಾಗದಲ್ಲೇ ಆನೆಗೆ ಪುನರ್ವಸತಿ ಕೇಂದ್ರ ಕಟ್ಟಲು ನೆರವಾಗುವುದಾಗಿ ತಿಳಿಸಿತು. ಕ್ಷಮೆಯ ಜೊತೆ ಕೆಲಸದ ಭರವಸೆಯೂ ಇದ್ದುದರಿಂದ ಮಾತಿಗೆ ತೂಕ ಬಂತು.

ಸಮಾಜ ಕಲಿಯಬೇಕಾದದ್ದೂ ಇದೆ. ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಆನೆಯ ಆರೋಗ್ಯದ್ದು: ಕಾಲಿನ ಹುಣ್ಣು, ಸಂಧಿವಾತ, ಮಾನಸಿಕ ಒತ್ತಡ. ಬೀದಿಯಲ್ಲಿ ಹೆಚ್ಚಾಗಿ ಕೇಳಿಸಿದ ಉತ್ತರ ಭಕ್ತಿ ಮತ್ತು ಪರಂಪರೆಯದ್ದು. ಅಹಿಂಸೆಯನ್ನೇ ಪರಮ ಧರ್ಮವೆನ್ನುವ ಸಮಾಜದ ಮೇಲೆ ಪ್ರಾಣಿಯನ್ನು ಕಡೆಗಣಿಸಿದ ಆರೋಪ ಬಂದಾಗ ಅಷ್ಟು ಸಾಲದು. ಪ್ರಾಣಿ ಸಾಕುವ ಪ್ರತಿ ಮಠವೂ ಪಶುವೈದ್ಯರ ವರದಿ, ಚಿಕಿತ್ಸೆಯ ದಾಖಲೆಗಳನ್ನು ಸಿದ್ಧವಿಟ್ಟು, ಮಾಧ್ಯಮದೊಡನೆ ಮಾತನಾಡಲು ಒಬ್ಬರನ್ನು ನೇಮಿಸಿರಬೇಕು. ಆರೈಕೆಯಲ್ಲಿ ಕೊರತೆ ಕಂಡರೆ ಮೊದಲು ಅದನ್ನು ಸರಿಪಡಿಸಬೇಕು. ಪತ್ರಿಕಾ ಹೇಳಿಕೆ ಆಮೇಲೆ.