‘ಚಾಲೂ ಇದೆ’ ಎಂಬ ಅರ್ಧಸತ್ಯ



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಸಾಕಷ್ಟು ಮಂದಿ ಇಂದು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ತಂತ್ರಾಂಶ ಬರೆದು ಬದುಕುತ್ತಿದ್ದಾರೆ. ಅದು ನನಗೆ ಸಂತೋಷದ ಸಂಗತಿ. ಆದರೆ ಅವರೊಡನೆ ನನಗೊಂದು ಜಗಳವಿದೆ. ನಿವೃತ್ತಿಯ ಬಳಿಕ ಮನೆಯ ಹಳೆಯ ಗಣಕಯಂತ್ರಕ್ಕೆ ಲಿನಕ್ಸ್ ಹಾಕಿಕೊಂಡು, ಅದರ ಕೈಪಿಡಿಯನ್ನು ಪಠ್ಯಪುಸ್ತಕದಂತೆ ಓದತೊಡಗಿದ ಮೇಲೆ ಹುಟ್ಟಿದ ಜಗಳವಿದು. ಈ ಕಸುಬಿಗೆ ಸೇರದ ಬಂಧುಗಳೂ ದಯವಿಟ್ಟು ಓದಬೇಕು. ಏಕೆಂದರೆ ಇದರ ಫಲವನ್ನು ಉಣ್ಣುವವರು ನೀವೇ.

ವಿಷಯ ಹೊರನೋಟಕ್ಕೆ ಬಹು ಚಿಕ್ಕದು. ಗಣಕಯಂತ್ರದ ತೆರೆಮರೆಯಲ್ಲಿ ದುಡಿಯುವ ಪ್ರೋಗ್ರಾಂಗಳು ತಮ್ಮ ಸ್ಥಿತಿಯನ್ನು ತಮ್ಮ ಮೇಲ್ವಿಚಾರಕನಿಗೆ ಹೇಗೆ ತಿಳಿಸಬೇಕು ಎಂಬುದೇ ಪ್ರಶ್ನೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ‘ಸಿದ್ಧನಾಗಿದ್ದೇನೆ’ ಎಂಬ ಮಾತನ್ನು ಕೆಲಸ ಮಾಡುವವನೇ ಹೇಳಬೇಕು, ಸಿದ್ಧನಾದ ಮೇಲೆಯೇ ಹೇಳಬೇಕು. ಹೇಳದೆ ಬಿಡುವುದು, ಮುಂಚೆಯೇ ಹೇಳುವುದು, ಬೇರೆಯವರಿಂದ ಹೇಳಿಸುವುದು ಈ ಮೂರೂ ಕರ್ತವ್ಯಲೋಪಗಳೇ.

ನಾವು ಪರದೆಯ ಮೇಲೆ ನೋಡದ ಎಷ್ಟೋ ಪ್ರೋಗ್ರಾಂಗಳು ಯಂತ್ರ ಹೊತ್ತಿಕೊಂಡ ಕ್ಷಣದಿಂದ ಹಿನ್ನೆಲೆಯಲ್ಲಿ ದುಡಿಯುತ್ತಿರುತ್ತವೆ. ದತ್ತಾಂಶವನ್ನು ಕಾಯುವುದೊಂದು, ಮುದ್ರಣಯಂತ್ರಕ್ಕೆ ಕಾಗದ ಕಳಿಸುವುದೊಂದು, ದೂರದಿಂದ ಪ್ರವೇಶ ಕೇಳುವವರ ಗುರುತು ಪರೀಕ್ಷಿಸುವುದು ಮತ್ತೊಂದು. ಇವಕ್ಕೆ ಸರ್ವಿಸ್‌ಗಳೆಂದು ಹೆಸರು. ಇವನ್ನೆಲ್ಲ ಎಬ್ಬಿಸಿ, ನೋಡಿಕೊಂಡು, ಬಿದ್ದರೆ ಮತ್ತೆ ಎತ್ತಿ ನಿಲ್ಲಿಸಲು ಒಬ್ಬ ಮೇಲ್ವಿಚಾರಕ ಇರುತ್ತಾನೆ. 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯಲ್ಲಿ ಅವನ ಹೆಸರು ಸರ್ವಿಸ್ ಕಂಟ್ರೋಲ್ ಮ್ಯಾನೇಜರ್. ಲಿನಕ್ಸ್‌ನಲ್ಲಿ ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಸಿಸ್ಟಮ್‌ಡಿ. ಇದನ್ನು 2010ರಲ್ಲಿ ಲೆನಾರ್ಟ್ ಪಾಟರಿಂಗ್ ಮತ್ತು ಕೇ ಸೀವರ್ಸ್ ಆರಂಭಿಸಿದರು. 2015ರ ಹೊತ್ತಿಗೆ ಡೆಬಿಯನ್, ಉಬುಂಟುಗಳೂ ಇದನ್ನು ಒಪ್ಪಿಕೊಂಡವು.

ಅದಕ್ಕೂ ಹಿಂದಿನ ಪದ್ಧತಿ ಹೀಗಿತ್ತು: ಪ್ರೋಗ್ರಾಂ ತನ್ನ ಸಂಖ್ಯೆಯನ್ನು ಒಂದು ಫೈಲಿನಲ್ಲಿ ಬರೆದಿಟ್ಟು ಹಿನ್ನೆಲೆಗೆ ಸರಿಯುತ್ತಿತ್ತು. ಅದು ಸತ್ತರೂ ಫೈಲು ಉಳಿಯುತ್ತಿತ್ತು. ಅದೇ ಸಂಖ್ಯೆ ಮುಂದೆ ಬೇರೊಂದು ಪ್ರೋಗ್ರಾಂಗೆ ದೊರೆತರೆ, ಸತ್ತವನ ಹೆಸರಿನಲ್ಲಿ ಇನ್ನೊಬ್ಬನನ್ನು ಜೀವಂತನೆಂದು ಎಣಿಸುವ ಪ್ರಸಂಗವೂ ಬರುತ್ತಿತ್ತು. ಆ ದೋಷವನ್ನು ಸಿಸ್ಟಮ್‌ಡಿ ಬಹುಮಟ್ಟಿಗೆ ನಿವಾರಿಸಿತು. ಆದರೆ ಅದು ಕೊಟ್ಟ ಅನುಕೂಲವನ್ನು ನಮ್ಮ ಹುಡುಗರು ಬಳಸಿಕೊಂಡರೇ?

ಸರ್ವಿಸ್ ಯಾವ ಬಗೆಯದು ಎಂದು ಸಿಸ್ಟಮ್‌ಡಿಗೆ ಮೊದಲೇ ತಿಳಿಸಬೇಕು. ಏನನ್ನೂ ಬರೆಯದಿದ್ದರೆ ಸಾಮಾನ್ಯವಾಗಿ ಅದನ್ನು ‘ಸಿಂಪಲ್’ ಎಂದು ತಿಳಿಯಲಾಗುತ್ತದೆ. ಆಗ ಮೇಲ್ವಿಚಾರಕನು ಒಂದು ಹೊಸ ಪ್ರಕ್ರಿಯೆಯನ್ನು ಹುಟ್ಟಿಸಿದ ಕೂಡಲೇ ‘ಆರಂಭವಾಯಿತು’ ಎಂದು ಬರೆದುಕೊಳ್ಳುತ್ತಾನೆ. ಓಡಿಸಬೇಕಾದ ಪ್ರೋಗ್ರಾಂ ಡಿಸ್ಕಿನಲ್ಲಿ ಇಲ್ಲದಿದ್ದರೂ ಆರಂಭದ ಆಜ್ಞೆಗೆ ಯಶಸ್ಸಿನ ಉತ್ತರವೇ ಬರುತ್ತದೆ. ವೈಫಲ್ಯ ಗೊತ್ತಾಗುವುದು ಅನಂತರ. 2018ರಲ್ಲಿ ಸೇರಿಸಿದ ‘ಎಕ್ಸೆಕ್’ ಎಂಬ ಬಗೆ ಇದಕ್ಕಿಂತ ಒಂದು ಹೆಜ್ಜೆ ಮುಂದೆ: ಪ್ರೋಗ್ರಾಂ ನಿಜಕ್ಕೂ ಓಡತೊಡಗುವವರೆಗೆ ಕಾಯುತ್ತದೆ. ‘ನೋಟಿಫೈ’ ಎಂಬ ಬಗೆಯಲ್ಲಾದರೋ ಪ್ರೋಗ್ರಾಂ ತಾನೇ ‘ರೆಡಿ=1’ ಎಂದು ಹೇಳಿ ಕಳಿಸುವವರೆಗೂ ಮೇಲ್ವಿಚಾರಕ ಅದನ್ನು ಸಿದ್ಧವೆಂದು ಎಣಿಸುವುದಿಲ್ಲ.

ಶಾಲೆಯ ಭಾಷೆಯಲ್ಲಿ ಹೇಳಿದರೆ, ಹುಡುಗನು ಮನೆಯಿಂದ ಹೊರಟನೆಂದು ಕೇಳಿ ಹಾಜರಿ ಹಾಕುವುದು ಮೊದಲನೆಯದು. ಬೆಂಚಿನ ಮೇಲೆ ಕುಳಿತದ್ದನ್ನು ಕಂಡು ಹಾಕುವುದು ಎರಡನೆಯದು. ‘ಸರ್, ಪುಸ್ತಕ ತೆರೆದಿದ್ದೇನೆ, ಪಾಠ ಹೇಳಿರಿ’ ಎಂದು ಅವನ ಬಾಯಿಂದಲೇ ಕೇಳಿ ಹಾಕುವುದು ಮೂರನೆಯದು. ಮೂರನೆಯದು ಸಾಧ್ಯವಿದ್ದೂ ಮೊದಲನೆಯದರಲ್ಲೇ ತೃಪ್ತರಾಗುವವರನ್ನು ಕಂಡು ನನಗೆ ಸಿಟ್ಟು ಬರುತ್ತದೆ.

ನಮ್ಮ ಇಳಕಲ್ಲಿನ ಓಣಿಗಳಲ್ಲಿ ನಡೆದವರಿಗೆಲ್ಲ ಮಗ್ಗದ ಸದ್ದು ಪರಿಚಿತ. ಸದ್ದು ಕೇಳಿದರೆ ಸೀರೆ ನೇಯಲಾಗುತ್ತಿದೆ ಎಂದು ದಾರಿಹೋಕ ತಿಳಿಯುತ್ತಾನೆ. ಆದರೆ ಲಾಳಿಯೊಳಗಿನ ಕಂಡಿಕೆಯ ನೂಲು ತೀರಿಹೋದರೂ ಲಾಳಿ ಅತ್ತಿಂದಿತ್ತ ಓಡುತ್ತದೆ, ಸದ್ದೂ ಬರುತ್ತದೆ; ಬಟ್ಟೆ ಮಾತ್ರ ಒಂದು ಎಳೆಯೂ ಬೆಳೆಯುವುದಿಲ್ಲ. ನೇಕಾರನಿಗೆ ಇದು ಗೊತ್ತು. ಅವನ ಕಣ್ಣು ಹೊಕ್ಕಿನ ಮೇಲಿರುತ್ತದೆ, ಕಿವಿಯನ್ನಷ್ಟೇ ಅವನು ನಂಬುವುದಿಲ್ಲ. ಪ್ರಕ್ರಿಯೆ ಜೀವಂತವಿದೆ ಎಂದ ಮಾತ್ರಕ್ಕೆ ಸೇವೆ ನಡೆಯುತ್ತಿದೆ ಎನ್ನುವವರು ಓಣಿಯಲ್ಲಿ ನಿಂತು ಸದ್ದು ಕೇಳಿದವರು.

ಇದರಿಂದ ಯಾರಿಗೇನು ನಷ್ಟ ಎಂದು ಕೇಳುವಿರಾ? ಕೆಲವು ತಿಂಗಳ ಹಿಂದೆ ಒಂದು ಕಚೇರಿಯ ಕಿಟಕಿಯ ಮುಂದೆ ನಾನೂ ಸಾಲಿನಲ್ಲಿದ್ದೆ. ಒಳಗಿದ್ದ ತರುಣ ಪಾಪ, ‘ಸರ್ವರ್ ಬರವಲ್ದ್ರೀ ಸರ್’ ಎಂದು ಕೈಚೆಲ್ಲಿದ. ಸಹಾಯವಾಣಿಗೆ ಫೋನು ಮಾಡಿದರೆ, ‘ನಮ್ಮಲ್ಲಿ ಎಲ್ಲಾ ಚಾಲೂ ಅಂತನ ತೋರಸಾಕತ್ತದ್ರೀ’ ಎಂಬ ಉತ್ತರ ಬಂತು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ದೂರದ ಊರಿನ ಪರದೆಯ ಮೇಲೆ ಹಸಿರು ದೀಪ ಉರಿಯುತ್ತಿತ್ತು. ಇಲ್ಲಿ ಕೂಲಿ ಬಿಟ್ಟು ಬಂದಿದ್ದ ಮುದುಕಿಯೊಬ್ಬಳು ಬರಿಗೈಯಲ್ಲಿ ಬಸ್ ನಿಲ್ದಾಣದತ್ತ ಹೊರಟಿದ್ದಳು. ಆ ಹಸಿರು ದೀಪಕ್ಕೂ ಆಕೆಯ ಒಂದು ದಿನದ ಕೂಲಿಗೂ ನಡುವೆ ಇರುವ ಅಂತರವೇ ನನ್ನ ಈ ಬರಹದ ವಿಷಯ.

‘ಸರ್, ಅಷ್ಟೆಲ್ಲ ಬರೆಯಲು ಸಮಯ ಎಲ್ಲಿದೆ?’ ಎಂದು ನನ್ನ ಶಿಷ್ಯರು ಕೇಳುತ್ತಾರೆ. ಅಷ್ಟೆಲ್ಲ ಎಂದರೆ ಎಷ್ಟು? ಮೇಲ್ವಿಚಾರಕನು ಪ್ರೋಗ್ರಾಂಗೆ ಒಂದು ಸಾಕೆಟ್ಟಿನ ವಿಳಾಸ ಕೊಟ್ಟಿರುತ್ತಾನೆ. ಆ ವಿಳಾಸಕ್ಕೆ ಒಂದು ಸಾಲಿನ ಸಂದೇಶ ಕಳಿಸಿದರೆ ಮುಗಿಯಿತು. ಸಿದ್ಧನಾದಾಗ ‘ರೆಡಿ=1’, ನಿಲ್ಲುವಾಗ ‘ಸ್ಟಾಪಿಂಗ್=1’, ನಡುವೆ ಏನು ನಡೆದಿದೆ ಎಂದು ಮನುಷ್ಯರಿಗೆ ತಿಳಿಯುವಂತೆ ಹೇಳಲು ‘ಸ್ಟೇಟಸ್’ ಎಂಬ ಸಾಲು. ಹತ್ತಾರು ಸಾಲುಗಳ ಕೆಲಸ. ಇದನ್ನು ಬರೆಯದವರೇ ಅದರ ಬದಲು ‘ಮೂವತ್ತು ಸೆಕೆಂಡು ಮಲಗು, ಆಮೇಲೆ ಮುಂದಿನದನ್ನು ಎಬ್ಬಿಸು’ ಎಂದು ಬರೆಯುತ್ತಾರೆ. ಎಲ್ಲ ಯಂತ್ರಗಳಿಗೂ ಎಲ್ಲ ದಿನಗಳಲ್ಲಿಯೂ ಮೂವತ್ತೇ ಸೆಕೆಂಡು ಸಾಕೆಂದು ಇವರಿಗೆ ಹೇಳಿದವರಾರು? ಗಣಿತದಲ್ಲಿ ಉತ್ತರವನ್ನು ಊಹಿಸಿ ಬರೆದವನಿಗೆ ನಾನು ಅಂಕ ಕೊಟ್ಟವನಲ್ಲ.

ಮಾದರಿ ಬೇಕಿದ್ದರೆ ಪೋಸ್ಟ್‌ಗ್ರೆಸ್ ಎಂಬ ದತ್ತಾಂಶ ತಂತ್ರಾಂಶವನ್ನು ನೋಡಿರಿ. 2016ರ 9.6ನೇ ಆವೃತ್ತಿಯಿಂದ ಅದಕ್ಕೆ ಸಿಸ್ಟಮ್‌ಡಿಯೊಡನೆ ಹೀಗೆ ಮಾತನಾಡುವ ಸೌಕರ್ಯವಿದೆ. ವಿದ್ಯುತ್ತು ಹೋಗಿ ಯಂತ್ರ ತಟ್ಟನೆ ನಿಂತಿದ್ದರೆ, ಎದ್ದ ಮೇಲೆ ಅದು ತನ್ನ ಲೆಕ್ಕವನ್ನು ಸರಿಪಡಿಸಿಕೊಳ್ಳಬೇಕು. ಸಿಸ್ಟಮ್‌ಡಿ ವಾಡಿಕೆಯಂತೆ ಕಾಯುವುದು 90 ಸೆಕೆಂಡು. ದೊಡ್ಡ ದತ್ತಾಂಶಕ್ಕೆ ಅದು ಸಾಲದಿರಬಹುದು. ಅದಕ್ಕೆಂದೇ ಅದರ ಕೈಪಿಡಿ ಕಾಯುವ ಮಿತಿಯನ್ನು ತೆಗೆದುಹಾಕಲು ಸೂಚಿಸುತ್ತದೆ. ‘ಇನ್ನೂ ಸಿದ್ಧನಾಗಿಲ್ಲ, ತಾಳಿರಿ’ ಎನ್ನುವುದರಲ್ಲಿ ಅವಮಾನವೇನಿದೆ?

ವಿಂಡೋಸಿನಲ್ಲಿಯೂ ಈ ಶಿಸ್ತು ಇದೆ. ‘ಇನ್ನೂ ಏಳುತ್ತಿದ್ದೇನೆ’ ಎನ್ನುವ ಸರ್ವಿಸ್, ಇಷ್ಟು ಸಮಯ ಬೇಕೆಂದು ಹೇಳಬೇಕು. ಜೊತೆಗೆ ಚೆಕ್‌ಪಾಯಿಂಟ್ ಎಂಬ ಒಂದು ಸಂಖ್ಯೆಯನ್ನು ಆಗಾಗ ಏರಿಸುತ್ತ ಹೋಗಬೇಕು. ಹೇಳಿದ ಸಮಯದೊಳಗೆ ಆ ಸಂಖ್ಯೆ ಏರದಿದ್ದರೆ ಎಲ್ಲೋ ಕೆಟ್ಟಿದೆ ಎಂದು ಮೇಲ್ವಿಚಾರಕ ತಿಳಿಯಬಹುದು. ಮುನ್ನಡೆಯ ಲೆಕ್ಕವಿಲ್ಲದ ಬಾಯಿಮಾತನ್ನು ಅಲ್ಲಿಯೂ ನಂಬುವುದಿಲ್ಲ.

ಇನ್ನು ಹೇಳಿಸುವವರ ಸಂಗತಿ. ಸಿದ್ಧನಾದ ಮೇಲೂ ಪ್ರೋಗ್ರಾಂ ಜಡವಾಗಬಹುದೆಂದು ‘ವಾಚ್‌ಡಾಗ್’ ಎಂಬ ಏರ್ಪಾಡಿದೆ. ನಿಗದಿತ ಅವಧಿಯೊಳಗೆ ಪ್ರೋಗ್ರಾಂ ‘ಎಚ್ಚರವಿದ್ದೇನೆ’ ಎಂದು ಕೂಗುತ್ತಿರಬೇಕು. ಕೂಗದಿದ್ದರೆ ಮೇಲ್ವಿಚಾರಕ ಅದನ್ನು ಕೊಂದು, ಹಾಗೆಂದು ಹೇಳಿಟ್ಟಿದ್ದರೆ ಮತ್ತೆ ಎಬ್ಬಿಸುತ್ತಾನೆ. ಕೆಲವು ಜಾಣರು ಈ ಕೂಗನ್ನು ಕೆಲಸದ ಸುತ್ತಿನೊಳಗೆ ಇಡದೆ, ಕೂಗುವುದಕ್ಕೆಂದೇ ಬೇರೊಂದು ಎಳೆಯನ್ನು ನೇಮಿಸುತ್ತಾರೆ. ದುಡಿಯುವವನು ಬಿದ್ದಿದ್ದರೂ ಕೂಗುವವನು ಕೂಗುತ್ತಲೇ ಇರುತ್ತಾನೆ. ಹಿಂದಿನ ಬೆಂಚಿನಿಂದ ಗೆಳೆಯನ ಪರವಾಗಿ ‘ಹಾಜರ್ ಸರ್’ ಎನ್ನುತ್ತಿದ್ದವರು ಯಾರೆಂದು ನಿಮಗೆ ನೆನಪಿರಬಹುದು!

ಕೊನೆಗೆ ಇನ್ನೊಂದು ಪಕ್ಷದವರಿದ್ದಾರೆ. ‘ಈ ವರದಿಯ ಗೊಡವೆಯೇ ಬೇಡ; 2024ರ ಎಕ್ಸ್‌ಝಡ್ ಪ್ರಕರಣ ನೋಡಲಿಲ್ಲವೇ?’ ಎನ್ನುತ್ತಾರೆ. ನೋಡಿದ್ದೇನೆ. ದೂರಪ್ರವೇಶವನ್ನು ಕಾಯುವ ಓಪನ್‌ಎಸ್‌ಎಸ್‌ಎಚ್‌ಗೆ ‘ರೆಡಿ’ ಎಂಬ ಒಂದು ಮಾತು ಕಲಿಸಲು ಡೆಬಿಯನ್ ಮೊದಲಾದ ಕೆಲವರು ಸಿಸ್ಟಮ್‌ಡಿಯ ಇಡೀ ಲೈಬ್ರರಿಯನ್ನೇ ಅದಕ್ಕೆ ಜೋಡಿಸಿದ್ದರು. ಆ ಲೈಬ್ರರಿಯ ಬೆನ್ನಿಗೆ ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಝಡ್‌ನ ಲೈಬ್ರರಿಯೂ ಬರುತ್ತಿತ್ತು. ಜಿಯಾ ಟಾನ್ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ವಿಶ್ವಾಸ ಗಳಿಸಿದವರು ಅದರ 5.6.0 ಮತ್ತು 5.6.1ನೇ ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟರು. ಪ್ರವೇಶಕ್ಕೆ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿ ಹುಡುಕಿದರು. 2024ರ ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು.

ಇದರಿಂದ ಕಲಿಯಬೇಕಾದದ್ದು ಮೌನವನ್ನೇ? ಅಲ್ಲ. ಒಂದು ಮಾತು ಹೇಳಲು ಇಡೀ ಗಂಟು ಹೊರಬಾರದು ಎಂಬುದನ್ನು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅಲ್ಲಿ ದಪ್ಪ ಹಗ್ಗ ಬಳಸುವವರೂ ಇಲ್ಲ, ಕೊಂಡಿಯೇ ಬೇಡವೆನ್ನುವವರೂ ಇಲ್ಲ. ಓಪನ್‌ಎಸ್‌ಎಸ್‌ಎಚ್‌ನವರು ಮಾಡಿದ್ದೂ ಅದನ್ನೇ. 2024ರ ಜುಲೈಯಲ್ಲಿ ಬಂದ 9.8ನೇ ಆವೃತ್ತಿಯಲ್ಲಿ ಆ ಲೈಬ್ರರಿಯ ಹಂಗಿಲ್ಲದೆ ಸಂದೇಶ ಕಳಿಸುವ ಚಿಕ್ಕ ಭಾಗವನ್ನು ತಾವೇ ಬರೆದು ಸೇರಿಸಿದರು. ಸಿಸ್ಟಮ್‌ಡಿಯವರೂ ತಮ್ಮ ಕೈಪಿಡಿಯಲ್ಲಿ ಹಾಗೆ ಸ್ವತಂತ್ರವಾಗಿ ಬರೆಯುವ ಮಾದರಿಯನ್ನು ಕೊಟ್ಟರು. ಮಾತು ಉಳಿಯಿತು, ಭಾರ ಇಳಿಯಿತು.

ನಮ್ಮ ಜಿಲ್ಲೆಯ ಕೂಡಲಸಂಗಮದ ಶರಣರು ನುಡಿ ಮತ್ತು ನಡೆ ಒಂದಾಗಿರಬೇಕೆಂದು ಬಾಳಿ ತೋರಿಸಿದವರು. ಆ ನೆಲದ ನೀರು ಕುಡಿದು ಬೆಳೆದ ನೀವು, ನೀವು ಬರೆಯುವ ಪ್ರೋಗ್ರಾಂನಿಂದ ಸುಳ್ಳು ನುಡಿಸಬೇಡಿರಿ. ನಾಳೆ ಕೆಲಸಕ್ಕೆ ಕುಳಿತಾಗ ನಿಮ್ಮ ಸರ್ವಿಸ್‌ನ ಫೈಲನ್ನು ತೆರೆದು, ಬಗೆ ಯಾವುದೆಂದು ಬರೆದಿದ್ದೀರಾ ನೋಡಿರಿ. ‘ರೆಡಿ’ ಎಂಬ ಸಾಲು ಪ್ರೋಗ್ರಾಂನ ಆರಂಭದಲ್ಲಿದೆಯೋ, ಬಾಗಿಲು ತೆರೆದು ಮೊದಲ ಗಿರಾಕಿಯನ್ನು ಬರಮಾಡಿಕೊಳ್ಳಬಲ್ಲ ಜಾಗದಲ್ಲಿದೆಯೋ ಪರೀಕ್ಷಿಸಿರಿ. ಎಚ್ಚರದ ಕೂಗು ದುಡಿಯುವವನ ಬಾಯಿಂದಲೇ ಬರುತ್ತಿದೆಯೋ ಕೇಳಿರಿ. ಇಷ್ಟಕ್ಕೆ ಒಂದು ಮಧ್ಯಾಹ್ನ ಸಾಕು. ಮಾಡಿದವರು ನನಗೆ ಪತ್ರ ಬರೆಯಿರಿ. ಮಾಡದವರು ಏಕೆ ಮಾಡಲಿಲ್ಲವೆಂದು ಬರೆಯಿರಿ. ಎರಡನ್ನೂ ಓದಲು ಈಗ ನನಗೆ ಸಾಕಷ್ಟು ಬಿಡುವಿದೆ.