ಬಾಡಿಗೆ ಲಾರಿಯ ಹೊಗೆ ಯಾರ ಲೆಕ್ಕಕ್ಕೆ?

ಸರಕು ಸಾಗಣೆಯ ದೊಡ್ಡ ಕಂಪೆನಿಗಳು ಇನ್ನು ಕೆಲವೇ ವರ್ಷಗಳಲ್ಲಿ ತಾವು ಹೊಗೆಯನ್ನೇ ಉಗುಳದವರಾಗುವೆವೆಂದು ಪ್ರತಿಜ್ಞೆಗೈಯುತ್ತಿರುವುದು ವಾಚಕ ಮಹಾಶಯರಿಗೆ ತಿಳಿದೇ ಇದೆ. ಪ್ರತಿಜ್ಞೆಯು ಸ್ತುತ್ಯವೇ ಸರಿ. ಆದರೆ ಸರಕನ್ನು ನಿಜವಾಗಿ ಹೊರುವವರಾರು? ನಮ್ಮ ದೇಶದ ಲಾರಿಗಳಲ್ಲಿ ಬಹುಪಾಲು ಐದಕ್ಕಿಂತ ಕಡಮೆ ವಾಹನಗಳುಳ್ಳ ಸಣ್ಣ ಮಾಲೀಕರವು. ಕಂಪೆನಿಯು ಕರಾರು ಬರೆದುಕೊಳ್ಳುತ್ತದೆ; ಡೀಸೆಲ್ ಕೊಳ್ಳುವವನು, ಸಾಲದ ಕಂತು ತೆರುವವನು, ಚಕ್ರ ಸವೆದರೆ ಅಳುವವನು ಬೇರೊಬ್ಬ.

2022-23ನೆಯ ಸಾಲಿನಿಂದ ಷೇರುಪೇಟೆಯ ಮೊದಲ 1000 ಕಂಪೆನಿಗಳು ಪರಿಸರದ ಹೊಣೆಯ ವರದಿಯನ್ನು ಸಲ್ಲಿಸತಕ್ಕದ್ದೆಂದು ಸೆಬಿಯು ವಿಧಿಸಿತು. ತಾವು ಉರಿಸಿದ ಇಂಧನ, ತಾವು ಕೊಂಡ ವಿದ್ಯುತ್ತು, ಇವುಗಳ ಹೊಗೆಯ ಲೆಕ್ಕ ಆ ವರದಿಯಲ್ಲಿ ಕಡ್ಡಾಯವಾಯಿತು. ಬಾಡಿಗೆಯ ವಾಹನದ ಹೊಗೆಯಾದರೋ ಮನಸ್ಸಿದ್ದವರು ಬರೆಯಬಹುದಾದ ಕಲಮಿಗೆ ಸೇರಿತು. ಸ್ವಂತ ಲಾರಿಗಳನ್ನೆಲ್ಲ ಮಾರಿ ಬಾಡಿಗೆಗೆ ಹಿಡಿದ ಕಂಪೆನಿಯು ಕಾಗದದ ಮೇಲೆ ಒಂದೇ ದಿನದಲ್ಲಿ ಪರಿಶುದ್ಧವಾಗಬಲ್ಲುದು. ಇಂತಹ ಶುದ್ಧಿಯನ್ನು ನಾವು ಒಪ್ಪಲಾರೆವು.

ದಾರಿ ಇಲ್ಲವೆನ್ನುವಂತಿಲ್ಲ. ಕೊಂಕಣ ರೈಲ್ವೆಯವರು 1999ರಲ್ಲಿಯೇ ತುಂಬಿದ ಲಾರಿಯನ್ನು ಚಾಲಕ ಸಹಿತ ರೈಲಿನ ಚಪ್ಪಟೆ ಬಂಡಿಯ ಮೇಲೇರಿಸಿ ಕೋಲಾಡದಿಂದ ಗೋವೆಯ ವೆರ್ಣಕ್ಕೆ ಒಯ್ಯಲಾರಂಭಿಸಿದರು. ಮುಂದೆ ಆ ಸೇವೆಯು ನಮ್ಮ ಸುರತ್ಕಲ್ಲಿನವರೆಗೂ ಬಂದಿತು. ಸುಮಾರು 700 ಕಿಲೋಮೀಟರಿನ ಘಟ್ಟ, ತಿರುವು, ಮಳೆಗಾಲದ ಗುಂಡಿಗಳನ್ನು ಲಾರಿಯು ಎಂಜಿನ್ ಆರಿಸಿಕೊಂಡೇ ದಾಟುತ್ತದೆ. ಚಾಲಕನಿಗೆ ನಿದ್ದೆ, ಮಾಲೀಕನಿಗೆ ಡೀಸೆಲಿನ ಉಳಿತಾಯ. 2022ರಲ್ಲಿ ಆ ಹಳಿಯೆಲ್ಲವೂ ವಿದ್ಯುದೀಕರಣಗೊಂಡಿತು. ವಿದ್ಯುತ್ತಿನ ಬಹುಭಾಗ ಇನ್ನೂ ಕಲ್ಲಿದ್ದಲಿನದೇ ಅಲ್ಲವೇ ಎಂದು ಕೇಳುವವರುಂಟು. ಅಹುದು. ಆದರೂ ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗಿರುವ ತಡೆಯು ಡಾಂಬರಿನ ಮೇಲಣ ರಬ್ಬರಿಗಿಂತ ಬಹಳ ಕಡಮೆಯಾದ್ದರಿಂದ ಟನ್ನೊಂದಕ್ಕೆ ತಗಲುವ ಶಕ್ತಿಯೇ ಅಲ್ಪ.

ಇಂತಹ ಸೇವೆಯು ಇಪ್ಪತ್ತೈದು ವರ್ಷಗಳಾದರೂ ದೇಶವ್ಯಾಪಿಯಾಗದಿರುವುದೇಕೆ? ದೋಷವು ಕಂಪೆನಿಗಳದು ಮಾತ್ರವಲ್ಲ. 1951ರ ಸುಮಾರಿಗೆ ನಾಡಿನ ಸರಕಿನ ಹತ್ತು ಪಾಲಿನಲ್ಲಿ ಎಂಟಕ್ಕೂ ಮಿಗಿಲಾದುದನ್ನು ಹೊರುತ್ತಿದ್ದ ರೈಲ್ವೆಯ ಪಾಲು ಈಗ ಮೂರಕ್ಕೂ ಕಡಮೆಗಿಳಿದಿದೆ. ಕಲ್ಲಿದ್ದಲು, ಅದಿರುಗಳ ಇಡೀ ರೈಲುಗಳನ್ನು ಓಡಿಸಿ ರೂಢಿಯಾದ ಇಲಾಖೆಗೆ ವರ್ತಕನೊಬ್ಬನ ಇಪ್ಪತ್ತು ಮೂಟೆಗಳು ಕಣ್ಣಿಗೇ ಬೀಳವು. ಲಾರಿಯವನು ನಾಳಿದ್ದು ಬೆಳಿಗ್ಗೆ ಎಂದು ದಿನ ಹೇಳುತ್ತಾನೆ. ಸರಕಿನ ರೈಲಿಗೆ ಹಾಗೆ ನೆಚ್ಚತಕ್ಕ ವೇಳಾಪಟ್ಟಿ ಎಲ್ಲಿದೆ? 2030ರೊಳಗೆ ನೂರಕ್ಕೆ 45ರಷ್ಟು ಸರಕನ್ನು ಹಳಿಗೆ ತರುವೆವೆಂಬ ಸಂಕಲ್ಪವು ಮೊದಲು ಈ ಪ್ರಶ್ನೆಗೆ ಉತ್ತರ ಕೊಡಬೇಕು.

ಇನ್ನು ವಿದ್ಯುತ್ ಲಾರಿಗಳ ವಿಚಾರ. 2024ರ ಕೇಂದ್ರದ ಯೋಜನೆಯಲ್ಲಿ ಇವುಗಳಿಗಾಗಿ 500 ಕೋಟಿ ರೂಪಾಯಿಗಳನ್ನು ತೆಗೆದಿರಿಸಿ, ಲಾರಿಯೊಂದಕ್ಕೆ 9.6 ಲಕ್ಷ ರೂಪಾಯಿಗಳವರೆಗೆ ಸಹಾಯಧನವನ್ನು ಗೊತ್ತುಪಡಿಸಲಾಯಿತು. ಹಳೆಯ ಲಾರಿಯೊಂದನ್ನು ಗುಜರಿಗೆ ಹಾಕಿದ ಪತ್ರವನ್ನೂ ಕೇಳಲಾಯಿತು. ಡೀಸೆಲ್ ಲಾರಿಗಿಂತ ಇಮ್ಮಡಿಗೂ ಮೀರಿದ ಬೆಲೆಯ ಈ ವಾಹನವನ್ನು ಒಂದೇ ಲಾರಿಯ ಮಾಲೀಕನು ಕೊಳ್ಳುವ ಬಗೆ ಹೇಗೆ? ಬಾಡಿಗೆ ನಾಳೆ ಇರುವುದೋ ಇಲ್ಲವೋ ತಿಳಿಯದವನಿಗೆ ಯಾವ ಬ್ಯಾಂಕು ಸಾಲ ಕೊಟ್ಟೀತು?

ಆದುದರಿಂದ ಕಂಪೆನಿಗಳು ಬದಲಿಸಬೇಕಾದುದು ಮೊದಲು ತಮ್ಮ ಕರಾರನ್ನು. ಒಂದೊಂದು ಸುತ್ತಿಗೆ ಚೌಕಾಸಿ ಮಾಡುವುದನ್ನು ಬಿಟ್ಟು ಐದಾರು ವರ್ಷಗಳ ಕೆಲಸವನ್ನು ಬರೆದುಕೊಟ್ಟರೆ ಆ ಪತ್ರವೇ ಸಾಲಕ್ಕೆ ಆಧಾರವಾಗುತ್ತದೆ. ಹಿಂದಿರುಗುವಾಗ ಬರಿಗಾಡಿಯಾಗದಂತೆ ಮೂರು ನಾಲ್ಕು ಕಂಪೆನಿಗಳು ಕೂಡಿ ಸರಕನ್ನು ಹಂಚಿಕೊಳ್ಳಲಿ. ಬಾಡಿಗೆಯ ಹಣವನ್ನು ತಿಂಗಳೊಳಗೆ ಸಲ್ಲಿಸಲಿ. ಮತ್ತು ಅವಸರಕ್ಕೆ ಬೆಲೆ ಕಟ್ಟಲಿ: ಎರಡು ದಿನ ತಾಳಬಲ್ಲ ಗಿರಾಕಿಗೆ ದರವನ್ನಿಳಿಸಿದರೆ, ಅರ್ಧ ತುಂಬಿದ ಲಾರಿ ಹೊರಡುವುದು ತಪ್ಪುತ್ತದೆ. ನಮ್ಮ ಪತ್ರಿಕೆಯ ಕಾಗದದ ಉರುಳೆಗಳೂ ಲಾರಿಯಲ್ಲಿಯೇ ಬರುತ್ತವೆ. ಅವು ಎರಡು ದಿನ ತಡವಾದರೆ ನಮಗೇನೂ ನಷ್ಟವಿಲ್ಲ.

ಬರುವ ವರ್ಷದ ವರದಿಯಲ್ಲಿ ಪ್ರತಿಯೊಂದು ಕಂಪೆನಿಯೂ ಬಾಡಿಗೆ ಲಾರಿಗಳು ಉರಿಸಿದ ಡೀಸೆಲ್ ಎಷ್ಟು, ಅವುಗಳ ಮಾಲೀಕರಿಗೆ ಹಣ ಸಂದುದು ಎಷ್ಟು ದಿನಗಳಲ್ಲಿ ಎಂಬ ಎರಡು ಅಂಕಿಗಳನ್ನು ಅಕ್ಕಪಕ್ಕದಲ್ಲಿಯೇ ಅಚ್ಚು ಮಾಡಲಿ. ಅವನ್ನು ಕಡ್ಡಾಯದ ಕಲಮಿಗೆ ಸೇರಿಸುವುದು ಸೆಬಿಯ ಕೈಯಲ್ಲಿದೆ.